ಪಿಕಲ್‌ಬಾಲ್ ಆಟವೂ ಮೃದುಹಸ್ತವೂ

ಮೂವತ್ತನಾಲ್ಕು ವರ್ಷಗಳ ಕಾಲ ಹುಡುಗರಿಗೆ ಶಬ್ದರೂಪಗಳನ್ನೂ ಸಂಧಿಕಾರ್ಯಗಳನ್ನೂ ಕಲಿಸಿ, ನಿವೃತ್ತರಾಗಿ ಮನೆಯಲ್ಲಿ ಕುಳಿತ ನಾವು, ಒಂದು ಚೆಂಡಿನಾಟದ ವಿಷಯವಾಗಿ ಲೇಖನಿಯನ್ನು ಹಿಡಿಯುವೆವೆಂದು ಎಂದೂ ಎಣಿಸಿರಲಿಲ್ಲ. ಆದರೆ ಅರುವತ್ತು ದಾಟಿದ ಮೇಲೆ ಕಲಿತ ವಿದ್ಯೆಯಲ್ಲಿ ಒಂದು ವಿಶೇಷವುಂಟು. ಬಾಲ್ಯದಲ್ಲಿ ಕಲಿತದ್ದನ್ನು ಹೇಗೆ ಕಲಿತೆವೆಂಬುದೇ ಮರೆತುಹೋಗಿರುವುದು. ಮುಪ್ಪಿನಲ್ಲಿ ಕಲಿತದ್ದರಲ್ಲಿಯಾದರೋ ಎಡವಿದ ಒಂದೊಂದು ಕಲ್ಲೂ ನೆನಪಿನಲ್ಲಿ ಉಳಿದಿರುವುದು. ಆದಕಾರಣ, ಹೊಸದಾಗಿ ಕಲಿಯತಕ್ಕವರಿಗೆ ದಾರಿ ತೋರಿಸಲು ಪಳಗಿದ ಆಟಗಾರನಿಗಿಂತ ನಮ್ಮಂತಹ ಮುದಿ ವಿದ್ಯಾರ್ಥಿಯೇ ಒಂದು ಬಗೆಯಲ್ಲಿ ಹೆಚ್ಚು ಉಪಯುಕ್ತನಾಗಬಹುದೆಂಬ ಧೈರ್ಯದಿಂದ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ.

೨೦೨೪ನೆಯ ಇಸವಿಯ ಬೇಸಗೆಯಲ್ಲಿ ನಾವೂ ನಮ್ಮ ಮನೆಯವರೂ ಅಮೆರಿಕಾ ದೇಶದ ವಾಷಿಂಗ್ಟನ್ ಸಂಸ್ಥಾನದಲ್ಲಿ, ಸಿಯಾಟಲ್ ನಗರದ ಸಮೀಪದಲ್ಲಿರುವ ಮಗಳ ಮನೆಗೆ ಹೋಗಿದ್ದೆವು. ಆ ಸೀಮೆಯಲ್ಲಿ ಜೂನ್ ತಿಂಗಳಿನಲ್ಲಿ ರಾತ್ರಿ ಒಂಬತ್ತು ಗಂಟೆಯವರೆಗೂ ಬೆಳಕಿರುವುದು. ಅಷ್ಟು ದೀರ್ಘವಾದ ಸಾಯಂಕಾಲವನ್ನು ಹೇಗೆ ಕಳೆಯಬೇಕೆಂದು ತಿಳಿಯದೆ ಉದ್ಯಾನದ ಕಡೆಗೆ ನಡೆದಾಗ, ‘ಟಕ್, ಟಕ್’ ಎಂಬ ಸದ್ದು ಕಿವಿಗೆ ಬಿದ್ದಿತು. ನಾಲ್ಕು ನಾಲ್ಕು ಜನರ ಗುಂಪುಗಳು ಚಿಕ್ಕ ಚಿಕ್ಕ ಅಂಗಣಗಳಲ್ಲಿ ಹಲಗೆಯಂತಹ ಬ್ಯಾಟುಗಳನ್ನು ಹಿಡಿದು ತೂತುಗಳುಳ್ಳ ಪ್ಲಾಸ್ಟಿಕ್ ಚೆಂಡನ್ನು ಆಡಿಸುತ್ತಿದ್ದವು. ಇಪ್ಪತ್ತು ವರ್ಷದ ಹುಡುಗನ ಪಕ್ಕದಲ್ಲಿ ಎಪ್ಪತ್ತು ವರ್ಷದ ಅಜ್ಜಿ ನಿಂತಿದ್ದರು. ಮಗಳು ಮರುದಿನವೇ ನಮ್ಮಿಬ್ಬರಿಗೂ ಒಂದೊಂದು ಬ್ಯಾಟನ್ನು ತಂದುಕೊಟ್ಟಳು.

ನಾವು ತಾರುಣ್ಯದಲ್ಲಿ ಶಾಲೆಯ ಮೈದಾನದಲ್ಲಿ ಬಾಲ್ ಬ್ಯಾಡ್ಮಿಂಟನ್ ಆಡಿದವರು. ಬಲವಾಗಿ ಹೊಡೆದವನೇ ಗೆಲ್ಲುವನೆಂಬ ಆ ಕಾಲದ ನಂಬಿಕೆ ನಮ್ಮ ತೋಳಿನಲ್ಲಿ ಇನ್ನೂ ಉಳಿದಿದ್ದಿತು. ಎರಡನೆಯ ವಾರದಲ್ಲಿ ಇಬ್ಬರು ಹೆಂಗಸರ ಎದುರಿಗೆ, ನಮ್ಮ ಮನೆಯವರನ್ನು ಜೊತೆಗಾತಿಯಾಗಿ ಮಾಡಿಕೊಂಡು ಆಡಿದೆವು. ಅವರಲ್ಲಿ ಒಬ್ಬರು ನಮಗಿಂತ ಹತ್ತು ವರ್ಷ ಹಿರಿಯರು. ನಾವು ಚೆಂಡನ್ನು ಬಡಿದೆವು. ಅವರು ಅದನ್ನು ತಡವಿದರು. ನಾವು ಮತ್ತಷ್ಟು ಬಡಿದೆವು. ಅವರು ಮತ್ತಷ್ಟು ಮೆಲ್ಲಗೆ ತಡವಿದರು. ೧೧ಕ್ಕೆ ೨ರಂತೆ ಸೋತೆವು. ಸೋತ ಸಿಟ್ಟನ್ನು ಎಲ್ಲಿ ಇಳಿಸಬೇಕೆಂದು ತಿಳಿಯದೆ, ಎಲ್ಲರ ಎದುರಿನಲ್ಲಿಯೇ, “ಎಷ್ಟು ಸಲ ಹೇಳಬೇಕು ನಿನಗೆ? ಮುಂದೆ ಬಂದು ಗಟ್ಟಿಯಾಗಿ ಹೊಡೆಯಬಾರದೆ?” ಎಂದು ಮನೆಯವರನ್ನು ಗದರಿಸಿಬಿಟ್ಟೆವು. ಆಕೆ ಬ್ಯಾಟನ್ನು ಬೆಂಚಿನ ಮೇಲಿಟ್ಟು, “ನಾನು ನಿಮ್ಮ ಕ್ಲಾಸಿನ ಹುಡುಗಿಯಲ್ಲ” ಎಂದಷ್ಟೇ ಹೇಳಿ ಮನೆಯ ಕಡೆಗೆ ಹೊರಟುಹೋದರು. ಆಮೇಲೆ ಹನ್ನೆರಡು ದಿವಸ ಅಂಗಣದ ಕಡೆಗೆ ಸುಳಿಯಲಿಲ್ಲ.

ಆ ರಾತ್ರಿ ಒಂಬತ್ತು ವರ್ಷದ ಮೊಮ್ಮಗಳು ತನ್ನ ಪುಸ್ತಕವನ್ನು ತೆರೆದು ತೋರಿಸಿದಳು. ಯಾರು ಯಾರು ಎಷ್ಟು ಸಲ ತಪ್ಪಿದರೆಂಬುದನ್ನು ಅವಳು ಬೆಂಚಿನ ಮೇಲೆ ಕುಳಿತು ಗೆರೆಯೆಳೆದು ಬರೆದುಕೊಂಡಿದ್ದಳು. “ತಾತ, ನೀನು ಹದಿನಾಲ್ಕು ಸಲ ನೆಟ್ಟಿಗೋ ಹೊರಕ್ಕೋ ಹೊಡೆದಿದ್ದೀಯೆ. ಅಜ್ಜಿ ಮೂರೇ ಸಲ.” ಲೆಕ್ಕವು ಸುಳ್ಳು ಹೇಳುವುದಿಲ್ಲ. ನಮ್ಮನ್ನು ಎದುರಾಳಿಗಳು ಸೋಲಿಸಿರಲಿಲ್ಲ, ನಾವೇ ಸೋತುಕೊಂಡಿದ್ದೆವು. ಅದರ ಮೇಲೆ, ತಪ್ಪದವರನ್ನು ಗದರಿಸಿದ್ದೆವು. ಮನೆಯವರು ಬಾರದಿದ್ದ ಆ ಹನ್ನೆರಡು ದಿವಸಗಳಲ್ಲಿ, ನಮ್ಮನ್ನು ಸೋಲಿಸಿದ ಆ ವೃದ್ಧ ಮಹಿಳೆಯ ಬಳಿಯಲ್ಲಿಯೇ ಶಿಷ್ಯವೃತ್ತಿಯನ್ನು ಕೈಕೊಂಡು ಕಲಿತದ್ದೇ ಈ ಲೇಖನದ ಸಾರವು.

ಆಟದ ಉತ್ಪತ್ತಿ

ಈ ಆಟವು ಹುಟ್ಟಿದ್ದು ಅದೇ ಸೀಮೆಯಲ್ಲಿ. ಸಿಯಾಟಲ್ ನಗರದಿಂದ ಹಡಗಿನಲ್ಲಿ ಸುಮಾರು ೩೫ ನಿಮಿಷಗಳ ಪ್ರಯಾಣ ಮಾಡಿದರೆ ಬೇನ್‌ಬ್ರಿಜ್ ಎಂಬ ದ್ವೀಪವು ಸಿಕ್ಕುವುದು. ೧೯೬೫ನೆಯ ಇಸವಿಯ ಬೇಸಗೆಯಲ್ಲಿ ಅಲ್ಲಿ ಜೋಯಲ್ ಪ್ರಿಚರ್ಡ್ ಎಂಬವರೂ ಅವರ ಮಿತ್ರರಾದ ಬಿಲ್ ಬೆಲ್ ಎಂಬವರೂ ಬೇಸರಗೊಂಡ ಮನೆಮಂದಿಗೆ ಏನಾದರೊಂದು ವಿನೋದವನ್ನು ಕಲ್ಪಿಸಬೇಕೆಂದು ಹೊರಟರು. ಹಿತ್ತಲಿನಲ್ಲಿ ಹಳೆಯ ಬ್ಯಾಡ್ಮಿಂಟನ್ ಅಂಗಣವಿದ್ದಿತು. ಆದರೆ ಆಟದ ಸಾಮಗ್ರಿ ಪೂರ್ತಿಯಾಗಿ ಇರಲಿಲ್ಲ. ಟೇಬಲ್ ಟೆನ್ನಿಸ್ಸಿನ ಬ್ಯಾಟುಗಳನ್ನೂ ತೂತುಗಳುಳ್ಳ ಪ್ಲಾಸ್ಟಿಕ್ ಚೆಂಡನ್ನೂ ಹಿಡಿದು ಆಡತೊಡಗಿದರು. ಚೆಂಡು ನೆಲದ ಮೇಲೆ ಚೆನ್ನಾಗಿ ಪುಟಿಯುವುದನ್ನು ಕಂಡು, ಎತ್ತರದಲ್ಲಿದ್ದ ಬಲೆಯನ್ನು ೩೬ ಅಂಗುಲಕ್ಕೆ ಇಳಿಸಿದರು. ಬಾರ್ನಿ ಮೆಕಾಲಂ ಎಂಬ ಮತ್ತೊಬ್ಬ ಮಿತ್ರರು ಸೇರಿಕೊಂಡ ಮೇಲೆ ಮೂವರೂ ಕೂಡಿ ನಿಯಮಗಳನ್ನು ರಚಿಸಿದರು. ಇಡೀ ಮನೆಯವರು ಕೂಡಿ ಆಡತಕ್ಕ ಆಟವಾಗಬೇಕೆಂಬುದೇ ಅವರ ಉದ್ದೇಶವಾಗಿದ್ದಿತು. ೨೦೨೨ರಲ್ಲಿ ವಾಷಿಂಗ್ಟನ್ ಸಂಸ್ಥಾನವು ಇದನ್ನು ತನ್ನ ಅಧಿಕೃತ ಕ್ರೀಡೆಯೆಂದು ಅಂಗೀಕರಿಸಿತು.

‘ಪಿಕಲ್’ ಎಂದರೆ ಉಪ್ಪಿನಕಾಯಿ. ಈ ಹೆಸರು ಹೇಗೆ ಬಂದಿತೆಂಬುದರಲ್ಲಿ ಎರಡು ಪಕ್ಷಗಳುಂಟು. ದೋಣಿಯ ಪಂದ್ಯಗಳಲ್ಲಿ ಬೇರೆ ದೋಣಿಗಳಿಂದ ಉಳಿದ ಹುಟ್ಟುಗಾರರನ್ನು ಕೂಡಿಸಿ ಕಟ್ಟಿದ ತಂಡಕ್ಕೆ ‘ಪಿಕಲ್ ದೋಣಿ’ ಎನ್ನುವರಂತೆ. ಹಲವು ಆಟಗಳ ತುಂಡುಗಳನ್ನು ಸೇರಿಸಿ ಮಾಡಿದ ಈ ಆಟಕ್ಕೆ ಅದೇ ಹೆಸರು ತಕ್ಕದ್ದೆಂದು ಪ್ರಿಚರ್ಡರ ಪತ್ನಿಯಾದ ಜೋನ್ ಪ್ರಿಚರ್ಡ್ ಅವರು ಇಟ್ಟರೆಂಬುದು ಒಂದು ಪಕ್ಷ. ಅವರ ಮನೆಯ ನಾಯಿಯ ಹೆಸರೇ ‘ಪಿಕಲ್ಸ್’ ಎಂಬುದು ಇನ್ನೊಂದು ಪಕ್ಷ. ಪ್ರಿಚರ್ಡರ ಮನೆತನದವರು ಮೊದಲನೆಯದನ್ನೇ ನಿಜವೆನ್ನುವರು; ನಾಯಿಯು ಆಮೇಲೆ ಬಂದದ್ದೆಂದು ಹೇಳುವರು.

ಅಂಗಣವೂ ಅದರ ‘ಅಡುಗೆಮನೆ’ಯೂ

ಅಂಗಣದ ಉದ್ದವು ೪೪ ಅಡಿ, ಅಗಲವು ೨೦ ಅಡಿ. ಎಂದರೆ ಇಬ್ಬಿಬ್ಬರು ಆಡುವ ಬ್ಯಾಡ್ಮಿಂಟನ್ ಅಂಗಣದಷ್ಟೇ. ಬಲೆಯು ಎರಡು ಕಡೆಯ ಗೆರೆಗಳ ಬಳಿಯಲ್ಲಿ ೩೬ ಅಂಗುಲ, ನಡುವೆ ೩೪ ಅಂಗುಲ ಎತ್ತರವಿರತಕ್ಕದ್ದು. ಬಲೆಯ ಎರಡು ಪಕ್ಕಗಳಲ್ಲಿಯೂ ಏಳೇಳು ಅಡಿ ದೂರದಲ್ಲಿ ಒಂದೊಂದು ಗೆರೆಯನ್ನು ಎಳೆದಿರುವರು. ಈ ಗೆರೆಗೂ ಬಲೆಗೂ ನಡುವಣ ಜಾಗದಲ್ಲಿ ನಿಂತು, ನೆಲಕ್ಕೆ ತಾಕದೆ ಗಾಳಿಯಲ್ಲಿ ಬರುತ್ತಿರುವ ಚೆಂಡನ್ನು ಹೊಡೆಯಕೂಡದು. ಗೆರೆಯನ್ನು ತುಳಿದರೂ ತಪ್ಪೇ. ಹೊರಗೆ ನಿಂತು ಗಾಳಿಯ ಚೆಂಡನ್ನು ಹೊಡೆದು, ಆ ಹೊಡೆತದ ವೇಗದಿಂದಲೇ ಒಳಕ್ಕೆ ಮುಗ್ಗರಿಸಿದರೂ ತಪ್ಪೇ. ನೆಲಕ್ಕೆ ಬಿದ್ದು ಪುಟಿದ ಚೆಂಡನ್ನು ಹೊಡೆಯಲು ಮಾತ್ರ ಧಾರಾಳವಾಗಿ ಒಳಗೆ ಹೋಗಬಹುದು.

ಈ ಜಾಗಕ್ಕೆ ಆಟಗಾರರು ‘ಕಿಚನ್’, ಎಂದರೆ ಅಡುಗೆಮನೆ, ಎಂದು ಹೆಸರಿಟ್ಟಿರುವರು. ನಮ್ಮ ಅಜ್ಜಿಯ ಕಾಲದ ಮಡಿಯ ಅಡುಗೆಮನೆಯನ್ನು ಕಂಡವರಿಗೆ ಈ ನಿಯಮವನ್ನು ವಿವರಿಸಬೇಕಾದುದಿಲ್ಲ. ಹೊಸ್ತಿಲಿನ ಈಚೆಗೆ ನಿಂತು ಎಷ್ಟು ಬೇಕಾದರೂ ಮಾತನಾಡಬಹುದು. ಕಾರಣವಿಲ್ಲದೆ ಒಳಗೆ ಕಾಲಿಟ್ಟರೆ ಮಾತ್ರ ಕೆಲಸ ಕೆಟ್ಟಿತು. ಈ ಏಳು ಅಡಿಯ ನಿಷೇಧವಿಲ್ಲದಿದ್ದರೆ ಎತ್ತರದ ಆಳು ಬಲೆಯ ಬಳಿಯಲ್ಲಿ ನಿಂತು ಬಂದ ಚೆಂಡನ್ನೆಲ್ಲ ನೆಲಕ್ಕೆ ಅಪ್ಪಳಿಸುತ್ತಿದ್ದನು. ಆಟವು ಬಲಿಷ್ಠರ ಸ್ವತ್ತಾಗುತ್ತಿದ್ದಿತು.

ಮತ್ತೆರಡು ನಿಯಮಗಳನ್ನು ಹೇಳಿ ಮುಂದುವರಿಯುವೆವು. ಮೊದಲನೆಯ ಹೊಡೆತವಾದ ಸರ್ವೀಸನ್ನು ಕೈಯನ್ನು ಕೆಳಗಿನಿಂದ ಮೇಲಕ್ಕೆ ಬೀಸಿ, ಅಡ್ಡ ಮೂಲೆಯ ಕಡೆಗೆ, ಎದುರಿನ ಅಡುಗೆಮನೆಯನ್ನು ದಾಟುವಂತೆ ಹೊಡೆಯತಕ್ಕದ್ದು. ಸರ್ವೀಸು ಒಮ್ಮೆ ನೆಲಕ್ಕೆ ಪುಟಿಯಬೇಕು. ಅದಕ್ಕೆ ಉತ್ತರವಾಗಿ ಬಂದ ಚೆಂಡೂ ಈ ಕಡೆಯಲ್ಲಿ ಒಮ್ಮೆ ಪುಟಿಯಬೇಕು. ಅನಂತರವೇ ಚೆಂಡನ್ನು ಗಾಳಿಯಲ್ಲಿ ಹೊಡೆಯಲು ಅಪ್ಪಣೆಯುಂಟು. ರೂಢಿಯ ಎಣಿಕೆಯಲ್ಲಿ ಸರ್ವೀಸು ಮಾಡುವ ಪಕ್ಷಕ್ಕೆ ಮಾತ್ರ ಅಂಕ ದೊರೆಯುವುದು. ಎರಡು ಅಂಕಗಳ ಅಂತರದಿಂದ ಮೊದಲು ೧೧ನ್ನು ಮುಟ್ಟಿದವರು ಗೆದ್ದಂತೆ.

ಮೆಲ್ಲಗೆ ಹೊಡೆದರೆ ಲಾಭವೇನು?

ಬಲವಾಗಿ ಹೊಡೆಯಬಲ್ಲವನು ಮೆಲ್ಲಗೆ ಏಕೆ ಹೊಡೆಯಬೇಕು? ಈ ಶಂಕೆ ನಮ್ಮಲ್ಲಿಯೂ ಇದ್ದಿತು. ಇದಕ್ಕೆ ಸಮಾಧಾನವು ಸರಳವಾದ ಲೆಕ್ಕದಲ್ಲಿಯೇ ಅಡಗಿರುವುದು.

ಈ ಚೆಂಡಿನ ತೂಕ ಒಂದು ಔನ್ಸಿಗಿಂತಲೂ ಕಡಿಮೆ. ಮೈಮೇಲೆ ೨೬ರಿಂದ ೪೦ರವರೆಗೆ ತೂತುಗಳು. ನಿಯಮದ ಪ್ರಕಾರ ೭೮ ಅಂಗುಲದ ಎತ್ತರದಿಂದ ಬಿಟ್ಟರೆ ಅದು ೩೦ರಿಂದ ೩೪ ಅಂಗುಲ ಮಾತ್ರ ಪುಟಿಯಬೇಕು. ಎಂದರೆ, ಬಿದ್ದ ಎತ್ತರದ ಅರ್ಧದಷ್ಟೂ ಏಳುವುದಿಲ್ಲ. ಈಗ ನೋಡಿರಿ: ನಾವು ಮೆಲ್ಲಗೆ ಕಳುಹಿಸಿದ ಚೆಂಡು ನೆಲದಿಂದ ನಾಲ್ಕು ಅಡಿ ಎತ್ತರದವರೆಗೆ ಏರಿ, ಬಲೆಯನ್ನು ದಾಟಿ, ಎದುರಿನ ಅಡುಗೆಮನೆಯಲ್ಲಿ ಬಿದ್ದಿತೆಂದು ಇಟ್ಟುಕೊಳ್ಳೋಣ. ಅದು ಸುಮಾರು ೨೦ ಅಂಗುಲ ಪುಟಿಯುವುದು. ಬಲೆಯ ಎತ್ತರವಾದರೋ ೩೪ ಅಂಗುಲ. ಆದುದರಿಂದ ಎದುರಾಳಿಯು ಆ ಚೆಂಡನ್ನು ಬಲೆಗಿಂತ ಒಂದು ಅಡಿಗೂ ಹೆಚ್ಚು ಕೆಳಗಿನಿಂದ ಎತ್ತಬೇಕಾಗುವುದು. ಕೆಳಗಿನಿಂದ ಎತ್ತುವ ಚೆಂಡನ್ನು ಬಲವಾಗಿ ಹೊಡೆದರೆ ಅದು ಬಲೆಗೆ ಬೀಳುವುದು. ಇಲ್ಲವೇ ಮೇಲೆ ಹಾರಿ ಅಂಗಣದ ಆಚೆಗೆ ಹೋಗುವುದು. ಅವನ ತೋಳಿನಲ್ಲಿ ಎಷ್ಟೇ ಬಲವಿದ್ದರೂ ಅದಕ್ಕೆ ಪ್ರಯೋಜನವಿಲ್ಲದಂತಾಯಿತು. ಅವನೂ ಮೆಲ್ಲಗೆಯೇ ಕಳುಹಿಸಬೇಕು. ಹೀಗೆ ಅಡುಗೆಮನೆಯಿಂದ ಅಡುಗೆಮನೆಗೆ ತೂಗಿ ಕಳುಹಿಸುವ ಹೊಡೆತಕ್ಕೆ ‘ಡಿಂಕ್’ ಎಂದು ಹೆಸರು.

ಇದಕ್ಕೆ ವಿರುದ್ಧವಾಗಿ, ಬಡಿದ ಚೆಂಡು ಬಲೆಯ ಮೇಲೆ ಎತ್ತರವಾಗಿ ಹೋದರೆ ಆಗುವುದೇನು? ಎದುರಾಳಿಯು ತನ್ನ ಗೆರೆಯ ಬಳಿಯಲ್ಲಿಯೇ ನಿಂತು, ನಾವು ಕೊಟ್ಟ ವೇಗವನ್ನೇ ನಮಗೆ ಮರಳಿ ಕೊಡುವನು. ಎರಡು ಗೆರೆಗಳ ನಡುವೆ ಇರುವುದು ೧೪ ಅಡಿ ಮಾತ್ರ. ಗಂಟೆಗೆ ೪೦ ಮೈಲಿಯ ವೇಗದ ಚೆಂಡು ಈ ದೂರವನ್ನು ಸುಮಾರು ಕಾಲು ಸೆಕೆಂಡಿನಲ್ಲಿ ಕ್ರಮಿಸುವುದು. ಅರುವತ್ತು ವರ್ಷದ ಕಣ್ಣೂ ಕೈಯೂ ಕಾಲು ಸೆಕೆಂಡಿನಲ್ಲಿ ಏನು ಮಾಡಬಲ್ಲವು? ವೇಗದ ಆಟದಲ್ಲಿ ತರುಣನು ಗೆಲ್ಲುವನು. ನಿಧಾನದ ಆಟದಲ್ಲಿ ತಪ್ಪದವನು ಗೆಲ್ಲುವನು. ಆದಕಾರಣ ವಯಸ್ಸಾದವರೂ ಹೆಂಗಸರೂ ಹೊಸಬರೂ ಆಟವನ್ನು ನಿಧಾನದ ಕಡೆಗೆ ಎಳೆದುಕೊಳ್ಳುವುದೇ ಜಾಣತನ.

ಮೃದುಹೊಡೆತದ ಕ್ರಮ

ಇನ್ನು ಡಿಂಕ್ ಹೊಡೆಯುವ ವಿಧಾನವನ್ನು ಕ್ರಮವಾಗಿ ಹೇಳುವೆವು.

ಮೊದಲನೆಯದು ನಿಲುವು. ಅಡುಗೆಮನೆಯ ಗೆರೆಯಿಂದ ಎರಡು ಮೂರು ಅಂಗುಲ ಹಿಂದೆ, ಪಾದಗಳನ್ನು ಹೆಗಲಿನಷ್ಟು ಅಗಲಿಸಿ, ಮೊಣಕಾಲುಗಳನ್ನು ಸ್ವಲ್ಪ ಬಗ್ಗಿಸಿ, ಭಾರವನ್ನು ಮುಂಗಾಲಿನ ಮೇಲಿಟ್ಟು ನಿಲ್ಲತಕ್ಕದ್ದು. ಕೆಳಗಿನ ಚೆಂಡಿಗೆ ಸೊಂಟವನ್ನು ಬಗ್ಗಿಸುವುದು ನಮ್ಮಂಥವರ ದುರಭ್ಯಾಸ. ಮೊಣಕಾಲು ಬಗ್ಗಬೇಕು, ಬೆನ್ನು ನೆಟ್ಟಗಿರಬೇಕು.

ಎರಡನೆಯದು ಹಿಡಿತ. ಬ್ಯಾಟನ್ನು ಬಿಗಿಯಾಗಿ ಹಿಡಿದರೆ ಚೆಂಡು ಕಲ್ಲಿಗೆ ತಾಕಿದಂತೆ ಸಿಡಿಯುವುದು. ಹಿಡಿತದ ಪೂರ್ಣ ಬಲವನ್ನು ಹತ್ತು ಎಂದಿಟ್ಟುಕೊಂಡರೆ ಮೂರು ನಾಲ್ಕರಷ್ಟು ಬಲವು ಸಾಕು. ನಮ್ಮ ಗುರುಗಳಾದ ಆ ವೃದ್ಧ ಮಹಿಳೆಯು, “ಹಕ್ಕಿಮರಿಯನ್ನು ಹಿಡಿದಂತೆ ಹಿಡಿಯಿರಿ, ಹಾರಿಹೋಗಲೂಬಾರದು, ನೋಯಲೂಬಾರದು” ಎಂದರು. ಈ ಒಂದು ಮಾತು ನಮ್ಮ ಕೈಗೆ ಇಳಿಯಲು ಐದು ದಿವಸ ಹಿಡಿಯಿತು.

ಮೂರನೆಯದು ಕೈಯ ಚಲನೆ. ಕೈಯನ್ನು ಹಿಂದಕ್ಕೆ ಬೀಸಕೂಡದು. ಬ್ಯಾಟು ಯಾವಾಗಲೂ ಕಣ್ಣಿಗೆ ಕಾಣುವಂತೆ ಮೈಯ ಮುಂದೆಯೇ ಇರಬೇಕು. ಅದರ ಮುಖವನ್ನು ಸ್ವಲ್ಪ ಆಕಾಶದ ಕಡೆಗೆ ತೆರೆದು, ಮಣಿಕಟ್ಟನ್ನು ತಿರುಗಿಸದೆ, ಹೆಗಲಿನಿಂದಲೇ ಚೆಂಡನ್ನು ಮೆಲ್ಲಗೆ ಎತ್ತಿ ಮುಂದಕ್ಕೆ ನೂಕಬೇಕು. ಮಣಿಕಟ್ಟು ಚಪಲವಾದುದು, ಒಂದು ಸಲ ಮಾಡಿದುದನ್ನು ಇನ್ನೊಂದು ಸಲ ಮಾಡದು. ಹೆಗಲು ಸ್ಥಿರವಾದುದು, ಅದರಿಂದ ಬಂದ ಹೊಡೆತವು ಹತ್ತು ಸಲವೂ ಒಂದೇ ತೆರನಾಗಿರುವುದು. ಊಟದ ಪಂಕ್ತಿಯಲ್ಲಿ ಬಿಸಿ ಸಾರನ್ನು ಎಲೆಗೆ ಬಡಿಸುವವರು ಸೌಟನ್ನು ಎಷ್ಟು ನಯವಾಗಿ ಮುಂದಕ್ಕೆ ತರುವರೋ, ಅಷ್ಟೇ ನಯವು ಇಲ್ಲಿಯೂ ಬೇಕು. ಅವಸರಪಟ್ಟರೆ ಸಾರು ಪಕ್ಕದ ಎಲೆಗೆ ಹೋಗುವುದು.

ನಾಲ್ಕನೆಯದು ಚೆಂಡಿನ ಹಾದಿ. ಚೆಂಡು ತನ್ನ ಅತ್ಯಂತ ಎತ್ತರವನ್ನು ನಮ್ಮ ಕಡೆಯಲ್ಲಿಯೇ, ಬಲೆಯನ್ನು ಮುಟ್ಟುವುದಕ್ಕೆ ಮುಂಚೆಯೇ, ಸೇರಬೇಕು. ಆಗ ಬಲೆಯನ್ನು ದಾಟುವಾಗ ಅದು ಇಳಿಯುತ್ತಿರುವುದು. ಬಲೆಯ ಆಚೆಗೆ ಹೋದ ಮೇಲೂ ಏರುತ್ತಿರುವ ಚೆಂಡು ಎದುರಾಳಿಗೆ ನಾವೇ ಕೊಟ್ಟ ಔತಣವೆಂದು ತಿಳಿಯತಕ್ಕದ್ದು.

ಐದನೆಯದು, ಹೊಡೆದ ಮೇಲಿನ ಕೆಲಸ. ಹೊಡೆದು ಮುಗಿದೊಡನೆ ಬ್ಯಾಟನ್ನು ಎದೆಯ ಮುಂದಕ್ಕೆ ತಂದು ಮೊದಲಿನ ನಿಲುವಿಗೆ ಬರಬೇಕು. ತನ್ನ ಹೊಡೆತದ ಅಂದವನ್ನು ತಾನೇ ನೋಡುತ್ತ ನಿಂತವನು ಮುಂದಿನ ಚೆಂಡನ್ನು ಕಾಣನು.

ಎಲ್ಲಿಗೆ ಕಳುಹಿಸಬೇಕು? ಎಂದು ಬಡಿಯಬೇಕು?

ನೆಟ್ಟಗೆ ಎದುರಿಗೆ ಕಳುಹಿಸುವುದಕ್ಕಿಂತ ಅಡ್ಡ ಮೂಲೆಗೆ ಕಳುಹಿಸುವುದು ಹೊಸಬರಿಗೆ ಸುಲಭ. ಇದಕ್ಕೆ ಎರಡು ಕಾರಣಗಳುಂಟು. ಒಂದನೆಯದು, ಅಡ್ಡ ಹೋಗುವ ಚೆಂಡು ಬಲೆಯ ನಡುಭಾಗದ ಮೇಲೆ ಹಾದುಹೋಗುವುದು. ಅಲ್ಲಿ ಬಲೆಯು ಎರಡು ಅಂಗುಲ ತಗ್ಗು. ಎರಡನೆಯದು, ಗೆರೆಯಿಂದ ಗೆರೆಗೆ ನೆಟ್ಟಗೆ ೧೪ ಅಡಿಯಾದರೆ, ಮೂಲೆಯಿಂದ ಮೂಲೆಗೆ ೨೪ ಅಡಿಗೂ ಮೇಲು. ಹತ್ತು ಅಡಿ ಹೆಚ್ಚು ಜಾಗವೆಂದರೆ ತಪ್ಪಿಗೆ ಅಷ್ಟು ಹೆಚ್ಚು ಕ್ಷಮೆ. ಎದುರಾಳಿಯ ಪಾದಗಳ ಬಳಿಯಲ್ಲಿಯೋ, ಇಬ್ಬರು ಎದುರಾಳಿಗಳ ನಡುವೆಯೋ ಬಿದ್ದರೆ ಮತ್ತೂ ಒಳ್ಳೆಯದು. ನಡುವೆ ಬಿದ್ದ ಚೆಂಡನ್ನು ‘ಅವರು ಹೊಡೆಯಲಿ’ ಎಂದು ಇಬ್ಬರೂ ಬಿಡುವುದುಂಟು.

ಇನ್ನು ತಾಳ್ಮೆಯ ವಿಷಯ. ಹೊಸಬರು ನಾಲ್ಕು ಡಿಂಕುಗಳಾದೊಡನೆ, ‘ಇನ್ನು ಸಾಕು’ ಎಂದು ಐದನೆಯದನ್ನು ಬಡಿದುಬಿಡುವರು. ಬಡಿಯಲು ಕಾರಣ ಚೆಂಡಲ್ಲ, ಮನಸ್ಸಿನ ಬೇಸರ. ಬಡಿಯುವ ಮೊದಲು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕೆಂದು ನಮ್ಮ ಗುರುಗಳು ವಿಧಿಸಿದರು: ಚೆಂಡು ಬಲೆಗಿಂತ ಮೇಲೆ ಇದೆಯೇ? ಅದು ನಮ್ಮ ಮೈಯ ಮುಂದೆ ಇದೆಯೇ? ನಮ್ಮ ಪಾದಗಳು ನೆಲದ ಮೇಲೆ ಗಟ್ಟಿಯಾಗಿ ನಿಂತಿವೆಯೇ? ಮೂರಕ್ಕೂ ಹೌದೆಂದರೆ ಬಡಿಯಬಹುದು. ಒಂದಕ್ಕೆ ಅಲ್ಲವೆಂದರೂ ಮತ್ತೊಂದು ಡಿಂಕು. ಆಟದ ನಡುವೆ ಪ್ರಶ್ನೆ ಕೇಳಲು ವೇಳೆಯೆಲ್ಲಿ ಎಂದರೆ, ಅದಕ್ಕಾಗಿಯೇ ನಿಧಾನದ ಆಟ. ತಾಳ್ಮೆಯೆಂದರೆ ಸುಮ್ಮನಿರುವುದಲ್ಲ, ಪ್ರತಿಯೊಂದು ಚೆಂಡನ್ನೂ ಒಂದಿಷ್ಟು ತೊಡಕಾದ ಜಾಗಕ್ಕೆ ಕಳುಹಿಸುತ್ತ, ಎದುರಾಳಿಯು ಒಂದನ್ನು ಎತ್ತರಕ್ಕೆ ಬಿಡುವವರೆಗೆ ಕಾಯುವುದು.

ಮೂರನೆಯ ಹೊಡೆತ

ಎರಡು ಪುಟಿತಗಳ ನಿಯಮವನ್ನು ಮೇಲೆ ಹೇಳಿದೆವಷ್ಟೆ. ಅದರ ಫಲವಾಗಿ ಸರ್ವೀಸು ಮಾಡಿದ ಪಕ್ಷದವರು ಹಿಂದಿನ ಗೆರೆಯ ಬಳಿಯಲ್ಲಿಯೇ ನಿಂತಿರಬೇಕಾಗುವುದು; ಎದುರಿನವರು ಉತ್ತರ ಕೊಟ್ಟು ಬಲೆಯ ಹತ್ತಿರಕ್ಕೆ ಬಂದುಬಿಡುವರು. ಸರ್ವೀಸು ಒಂದು, ಉತ್ತರ ಎರಡು, ಮುಂದಿನದೇ ಮೂರನೆಯ ಹೊಡೆತ. ಹಿಂದಿನ ಗೆರೆಯಿಂದ ಬಲೆಗೆ ೨೨ ಅಡಿ; ಎದುರಿನ ಅಡುಗೆಮನೆಯ ಗೆರೆಗೆ ೨೯ ಅಡಿ. ಈ ಎರಡರ ನಡುವೆ ಬೀಳುವಂತೆ, ಡಿಂಕಿನ ಕ್ರಮದಲ್ಲಿಯೇ, ಸ್ವಲ್ಪ ಹೆಚ್ಚು ಎತ್ತರದ ಕಮಾನಿನಲ್ಲಿ ಚೆಂಡನ್ನು ಇಳಿಸಿದರೆ, ಎದುರಾಳಿಗಳು ಅದನ್ನು ಕೆಳಗಿನಿಂದ ಎತ್ತುವಷ್ಟರಲ್ಲಿ ನಾವಿಬ್ಬರೂ ನಡೆದು ನಮ್ಮ ಗೆರೆಯನ್ನು ಸೇರಬಹುದು. ಇದು ಕಷ್ಟವಾದ ಹೊಡೆತ. ಹೊಸಬರು ಹತ್ತರಲ್ಲಿ ನಾಲ್ಕನ್ನು ಸಾಧಿಸಿದರೆ ಸಂತೋಷಪಡಬೇಕು. ಚೆಂಡು ತೀರ ಎತ್ತರವಾಯಿತೆಂದು ಕಂಡರೆ ಮುಂದೆ ಓಡದೆ ಅಲ್ಲಿಯೇ ನಿಂತು ಇನ್ನೊಂದನ್ನು ಇಳಿಸಲು ಯತ್ನಿಸಬೇಕು.

ಎದುರಾಳಿಯು ಬಡಿದ ಚೆಂಡಿಗೂ ಮೃದುಹಸ್ತವೇ ಮದ್ದು. ಬಡಿದುದಕ್ಕೆ ಬಡಿತವನ್ನು ಕೊಡದೆ, ಹಿಡಿತವನ್ನು ಇನ್ನಷ್ಟು ಸಡಿಲಿಸಿ, ಬ್ಯಾಟನ್ನು ಅಲುಗಿಸದೆ ಚೆಂಡಿನ ದಾರಿಗೆ ಅಡ್ಡವಾಗಿ ಹಿಡಿದರೆ, ವೇಗವೆಲ್ಲ ಕೈಯಲ್ಲಿಯೇ ಸತ್ತು ಚೆಂಡು ಬಲೆಯ ಆಚೆಗೆ ಬೀಳುವುದು. ಆಟವು ಮತ್ತೆ ನಿಧಾನಕ್ಕೆ ಬಂದಿತು.

ಮನೆಯಲ್ಲಿ ಅಭ್ಯಾಸ

ನಮ್ಮ ನಾಡಿನಲ್ಲಿಯೂ ಈಗ ಬೆಂಗಳೂರು ಮೊದಲಾದ ಊರುಗಳಲ್ಲಿ ಈ ಆಟಕ್ಕೆ ಅಂಗಣಗಳಾಗಿವೆ. ಅವಿಲ್ಲದ ಕಡೆಯಲ್ಲಿ ಬ್ಯಾಡ್ಮಿಂಟನ್ ಅಂಗಣವೇ ಸಾಕು. ಅಲ್ಲಿ ಬಲೆಯಿಂದ ಆರೂವರೆ ಅಡಿ ದೂರದಲ್ಲಿ ಒಂದು ಗೆರೆಯಿರುವುದು; ಅದಕ್ಕೆ ಅರ್ಧ ಅಡಿ ಸೇರಿಸಿ ಸೀಮೆಸುಣ್ಣದಿಂದ ಗೆರೆಯೆಳೆದರೆ ಅಡುಗೆಮನೆ ಸಿದ್ಧವಾಯಿತು. ಬಲೆಯನ್ನು ಮಾತ್ರ ತಗ್ಗಿಸಿ ಕಟ್ಟಬೇಕು.

ಒಬ್ಬರೇ ಇದ್ದರೆ, ಗೋಡೆಯ ಮೇಲೆ ೩೪ ಅಂಗುಲದ ಎತ್ತರದಲ್ಲಿ ಗೆರೆಯೆಳೆದು, ಏಳು ಅಡಿ ದೂರದಲ್ಲಿ ನಿಂತು, ಚೆಂಡು ಆ ಗೆರೆಯ ಸ್ವಲ್ಪ ಮೇಲೆಯೇ ತಾಕುವಂತೆ ಮೆಲ್ಲಗೆ ಆಡಬಹುದು. ಇಬ್ಬರಿದ್ದರೆ, ಎರಡು ಅಡುಗೆಮನೆಗಳಲ್ಲಿ ಮಾತ್ರ ಚೆಂಡು ಬೀಳತಕ್ಕದ್ದೆಂದು ನಿಯಮ ಮಾಡಿಕೊಂಡು ಹನ್ನೊಂದು ಅಂಕಗಳ ಆಟವಾಡಬಹುದು. ಅದಕ್ಕಿಂತ ಮೊದಲು ಅಂಕಗಳನ್ನೇ ಬಿಟ್ಟು, ಇಬ್ಬರೂ ಕೂಡಿ ಎಷ್ಟು ಹೊಡೆತಗಳವರೆಗೆ ಚೆಂಡನ್ನು ಉಳಿಸಬಲ್ಲೆವೆಂದು ಎಣಿಸುವುದು ಉತ್ತಮ. ಮೊದಲ ದಿವಸ ನಾವು ಆರನ್ನು ದಾಟಲಿಲ್ಲ. ಹತ್ತನೆಯ ದಿವಸ ನಲವತ್ತನ್ನು ಮುಟ್ಟಿದೆವು.

ಎಚ್ಚರಿಕೆಯ ಮಾತುಗಳನ್ನೂ ಹೇಳಬೇಕು. ತಲೆಯ ಮೇಲೆ ಹೋದ ಚೆಂಡಿಗಾಗಿ ಹಿಂದುಮುಂದಾಗಿ ಓಡಿ ಬೀಳುವುದೇ ಹಿರಿಯರಿಗೆ ಈ ಆಟದಲ್ಲಿರುವ ದೊಡ್ಡ ಅಪಾಯ. ಮೈಯನ್ನು ಪೂರ್ತಿಯಾಗಿ ತಿರುಗಿಸಿ ಓಡಬೇಕು. ಇಲ್ಲದಿದ್ದರೆ ಆ ಅಂಕವನ್ನು ಬಿಟ್ಟುಕೊಡಬೇಕು. ಮುರಿದ ಮಣಿಕಟ್ಟಿಗಿಂತ ಹೋದ ಅಂಕವು ಮೇಲು. ಪಕ್ಕಕ್ಕೆ ಜಾರದಂತಹ, ಅಂಗಣದ ಆಟಗಳಿಗೆಂದೇ ಮಾಡಿದ ಬೂಟುಗಳನ್ನು ತೊಡಬೇಕು. ಹತ್ತಿರದಿಂದ ಬರುವ ಚೆಂಡು ಕಣ್ಣಿಗೆ ತಾಕಬಹುದಾದುದರಿಂದ ಆಟಗಾರರ ಕನ್ನಡಕವನ್ನು ಧರಿಸುವುದು ಕ್ಷೇಮಕರ. ಹೃದಯದ ಅಥವಾ ಮೊಣಕಾಲಿನ ತೊಂದರೆಯುಳ್ಳವರು ವೈದ್ಯರನ್ನು ಕೇಳಿಯೇ ಪ್ರಾರಂಭಿಸತಕ್ಕದ್ದು.

ಮುಕ್ತಾಯ

ಹದಿಮೂರನೆಯ ದಿವಸ ಬೆಳಗ್ಗೆ, ಕಾಫಿಯ ಲೋಟವನ್ನು ಕೆಳಗಿಟ್ಟು, ಮನೆಯವರಿಗೆ, “ಅಂದು ತಪ್ಪು ನಮ್ಮದೇ ಆಗಿದ್ದಿತು” ಎಂದೆವು. ನಲವತ್ತು ವರ್ಷ ಅಧಿಕಾರದ ಸ್ವರದಲ್ಲಿ ಮಾತನಾಡಿದ ನಾಲಗೆಗೆ ಈ ನಾಲ್ಕು ಶಬ್ದಗಳು ಮೂರನೆಯ ಹೊಡೆತಕ್ಕಿಂತಲೂ ಕಷ್ಟವಾದುವು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಬರುತ್ತೇನೆ. ಆದರೆ ಆಡುವಾಗ ನೀವು ಮೂರು ಮಾತು ಬಿಟ್ಟು ಬೇರೆ ಮಾತಾಡಕೂಡದು: ‘ನನ್ನದು’, ‘ನಿನ್ನದು’, ‘ಬಿಡು’” ಎಂದರು. ಹೊರಗೆ ಹೋಗುವ ಚೆಂಡನ್ನು ಮುಟ್ಟದಿರಲು ಜೊತೆಗಾರನಿಗೆ ಕೂಗುವ ಮಾತೇ ‘ಬಿಡು’. ಒಪ್ಪಿಕೊಂಡೆವು.

ಅಂದು ಸಾಯಂಕಾಲ ಅದೇ ಇಬ್ಬರು ಹೆಂಗಸರೊಡನೆ ಆಡಿದೆವು. ಮೊದಲ ಬಾರಿಗೆ ನಮ್ಮ ಮನೆಯವರ ಕೈಯನ್ನು ನಿಜವಾಗಿ ನೋಡಿದೆವು. ನಾವು ಹನ್ನೆರಡು ದಿವಸ ಕಷ್ಟಪಟ್ಟು ಕಲಿತ ಹಗುರವು, ದಿನವೂ ಬೆಳಗ್ಗೆ ಹೊಸ್ತಿಲಿನ ಮುಂದೆ ರಂಗೋಲಿಯ ಎಳೆಯನ್ನು ಬಿಟ್ಟು ಪಳಗಿದ ಆ ಬೆರಳುಗಳಲ್ಲಿ ಮೊದಲೇ ಇದ್ದಿತು. “ಮುಂದೆ ಬಂದು ಗಟ್ಟಿಯಾಗಿ ಹೊಡೆ” ಎಂದು ನಾವು ಆ ಕೈಯನ್ನು ಕೆಡಿಸಲು ಹೊರಟಿದ್ದೆವು. ಆಟವು ೮ಕ್ಕೆ ೧೦ರಲ್ಲಿದ್ದಾಗ ಒಂದೇ ಚೆಂಡು ಇಪ್ಪತ್ತೈದು ಸಲ ಬಲೆಯನ್ನು ದಾಟಿತೆಂದು ಮೊಮ್ಮಗಳು ಎಣಿಸಿದಳು. ಇಪ್ಪತ್ತಾರನೆಯದು ನಮ್ಮ ಬ್ಯಾಟಿನಿಂದಲೇ ಬಲೆಗೆ ಬಿದ್ದು ಸೋತೆವು. ಅಭ್ಯಾಸಬಲದಿಂದ ಬಾಯಿ ತೆರೆಯಲಿದ್ದಿತು. ಅಷ್ಟರಲ್ಲಿ ಆಕೆಯೇ ನಮ್ಮ ಕಡೆಗೆ ತಿರುಗಿ, “ಬಿಡಿ” ಎಂದರು.

ಈಗ ಮೈಸೂರಿನಲ್ಲಿ ನಮ್ಮ ಬಡಾವಣೆಯ ಬ್ಯಾಡ್ಮಿಂಟನ್ ಅಂಗಣದಲ್ಲಿ ಬೆಳಗ್ಗೆ ಆರು ಗಂಟೆಗೆ ಬಲೆಯನ್ನು ತಗ್ಗಿಸಿ ಕಟ್ಟುತ್ತೇವೆ. ನೆರೆಹೊರೆಯ ನಾಲ್ಕಾರು ದಂಪತಿಗಳು ಬರುತ್ತಾರೆ. ಹೊಸಬರಿಗೆ ಹಿಡಿತವನ್ನು ಕಲಿಸುವುದು ನಮ್ಮ ಮನೆಯವರ ಕೆಲಸ. ಸೀಮೆಸುಣ್ಣದ ಗೆರೆಯೆಳೆಯುವುದು ನಮ್ಮದು. ಮೂರು ಮಾತುಗಳ ನಿಯಮವು ಎಲ್ಲರಿಗೂ ಅನ್ವಯಿಸುವುದು.